ವಿದ್ಯುತ್ತಿನ ಲೆಕ್ಕವೂ ನೀರಿನ ಲೆಕ್ಕವೂ

ಏತ, ಕಪಿಲೆಗಳ ಕಾಲದಲ್ಲಿ ಬಾವಿಯ ನೀರಿಗೆ ಎಷ್ಟು ದುಡಿಮೆ ತಗಲುವುದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರು ಕೆಳಗಿಳಿದಷ್ಟೂ ಹಗ್ಗ ಉದ್ದವಾಗುತ್ತಿತ್ತು; ಎತ್ತುಗಳು ಅಷ್ಟೂ ಹೆಚ್ಚು ದೂರ ನಡೆಯಬೇಕಾಗುತ್ತಿತ್ತು; ಅವು ದಣಿದು ನಿಂತಾಗ ನೀರೂ ನಿಲ್ಲುತ್ತಿತ್ತು. ಈಗ ಆ ದುಡಿಮೆಯನ್ನು ವಿದ್ಯುತ್ತು ವಹಿಸಿಕೊಂಡಿದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂತಹ ಊರಿನಲ್ಲಿ ಸ್ಟಾರ್ಟರಿನ ಗುಂಡಿಯನ್ನು ಒತ್ತಿದರೆ ನೂರಾರು ಅಡಿ ಆಳದ ನೀರು ಹೊಲಕ್ಕೆ ಬರುತ್ತದೆ. ಆದರೆ ಆ ನೀರಿಗಾಗಿ ಎಷ್ಟು ಶಕ್ತಿ ವ್ಯಯವಾಯಿತು? ನೆಲದೊಳಗೆ ಇನ್ನೆಷ್ಟು ನೀರು ಉಳಿಯಿತು? ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಊರಿನಲ್ಲಿಯೂ ಇಲ್ಲ, ವಿದ್ಯುತ್ ಕಚೇರಿಯಲ್ಲಿಯೂ ಇಲ್ಲ. ಈ ಸಣ್ಣ ಸಂಗತಿಗೂ ಜಗತ್ತಿನ ರಾಷ್ಟ್ರಗಳೆಲ್ಲ ಒಪ್ಪಿಕೊಂಡಿರುವ ದೊಡ್ಡ ಗುರಿಗಳಿಗೂ ನೇರವಾದ ಸಂಬಂಧವಿದೆ ಎಂಬುದೇ ನಮ್ಮ ವಾದ.

2015ರ ಸೆಪ್ಟೆಂಬರಿನಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ 193 ಸದಸ್ಯ ರಾಷ್ಟ್ರಗಳು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿದವು. 2030ರ ಒಳಗಾಗಿ ಅವುಗಳನ್ನು ಮುಟ್ಟಬೇಕೆಂಬುದು ಸಂಕಲ್ಪ. ಅವುಗಳಲ್ಲಿ ಆರನೆಯದು ನೀರಿಗೆ, ಏಳನೆಯದು ಶಕ್ತಿಗೆ, ಹದಿಮೂರನೆಯದು ಹವಾಮಾನದ ರಕ್ಷಣೆಗೆ ಸಂಬಂಧಿಸಿದವು. ಏಳನೆಯ ಗುರಿಯಲ್ಲಿ ಮೂರು ಮುಖ್ಯ ಮಾತುಗಳಿವೆ: ವಿದ್ಯುತ್ತು ಎಲ್ಲರಿಗೂ ದೊರೆಯಬೇಕು, ಗಾಳಿ ಬಿಸಿಲುಗಳಂತಹ ಮುಗಿಯದ ಮೂಲಗಳ ಪಾಲು ಹೆಚ್ಚಬೇಕು, ಅದೇ ಕೆಲಸವನ್ನು ಕಡಿಮೆ ಶಕ್ತಿಯಿಂದ ಮಾಡುವುದನ್ನು ಕಲಿಯಬೇಕು.

ಇಂತಹ ಗುರಿಗಳನ್ನು ಸರಕಾರಗಳು ಅಂಗೀಕರಿಸಬಹುದು; ಆದರೆ ಅವನ್ನು ಹೊಲದವರೆಗೆ, ಮನೆಯವರೆಗೆ ಒಯ್ಯಬೇಕಾದವರು ವಿದ್ಯುತ್ತನ್ನು ಹಂಚುವ ಸಂಸ್ಥೆಗಳವರು. ನಮ್ಮ ಉತ್ತರ ಕರ್ನಾಟಕದ ಮಟ್ಟಿಗೆ ಅಂತಹ ಸಂಸ್ಥೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಎಂದರೆ ಹೆಸ್ಕಾಂ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ನಮ್ಮ ನಾಡಿನ ವಿದ್ಯುತ್ ಇತಿಹಾಸದ ಮೊದಲ ಪುಟ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾಯಿತು. 1999ರ ಸುಧಾರಣೆಯ ತರುವಾಯ ಉತ್ಪಾದನೆ, ಸಾಗಣೆ, ಹಂಚಿಕೆಗಳು ಬೇರೆ ಬೇರೆಯಾಗಿ, 2002ರಲ್ಲಿ ಹೆಸ್ಕಾಂ ಹುಟ್ಟಿತು. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ ಈ ಏಳು ಜಿಲ್ಲೆಗಳು ಅದರ ವ್ಯಾಪ್ತಿ.

ಹಂಚುವ ಕಂಪನಿಯು ಮುಖ್ಯವಾಗಿ ಮೂರು ಕೆಲಸ ಮಾಡುತ್ತದೆ: ವಿದ್ಯುತ್ತನ್ನು ಕೊಳ್ಳುತ್ತದೆ, ತಂತಿಗಳಲ್ಲಿ ಒಯ್ಯುತ್ತದೆ, ಬಳಕೆದಾರನಿಗೆ ಒಪ್ಪಿಸುತ್ತದೆ. ಗುರಿಗಳಿಗೆ ತಕ್ಕಂತೆ ಅದು ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಈ ಮೂರರಲ್ಲಿಯೂ ನೋಡಬೇಕು.

ಕೊಳ್ಳುವ ಕೆಲಸದಲ್ಲಿ ಕರ್ನಾಟಕವು ನಾಚಬೇಕಾದುದೇನೂ ಇಲ್ಲ. ಗದಗಿನ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕಾಳಿ ನದಿಯು ವಿದ್ಯುತ್ತನ್ನು ಕೊಡುತ್ತಿದೆ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,000 ಮೆಗಾವಾಟನ್ನು ಮೀರಿದೆ. ಇವುಗಳ ಜೊತೆಗೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಕಲ್ಲಿದ್ದಲ ಸ್ಥಾವರವೂ ಇದೆ ಎಂಬುದನ್ನು ಮರೆಯಬಾರದು.

ಒಯ್ಯುವ ಕೆಲಸದಲ್ಲಿಯೂ ದಾರಿ ತಿಳಿದಿದೆ. ತಂತಿಯಲ್ಲಿ ಶಾಖವಾಗಿ ಕಳೆದುಹೋಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ವಿದ್ಯಾರ್ಥಿಗಳು ಓದಿದ್ದಾರೆ. ಅಷ್ಟೇ ಶಕ್ತಿಯನ್ನು 440 ವೋಲ್ಟಿಗೆ ಬದಲಾಗಿ 11,000 ವೋಲ್ಟಿನಲ್ಲಿ ಒಯ್ದರೆ ಪ್ರವಾಹವು 25ರಲ್ಲಿ ಒಂದು ಪಾಲಾಗುತ್ತದೆ; ಅದೇ ತಂತಿಯಲ್ಲಿ ನಷ್ಟವು 625ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಲದ ಸಮೀಪದವರೆಗೂ ಹೆಚ್ಚಿನ ವೋಲ್ಟಿನ ತಂತಿಯನ್ನು ಎಳೆದು, ಅಲ್ಲಿ ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಇಡುವುದರ ಹಿಂದಿನ ತತ್ತ್ವ ಇದೇ.

ಮೂರನೆಯ ಕೆಲಸದಲ್ಲಿ ಎರಡು ಒಳ್ಳೆಯ ಹೆಜ್ಜೆಗಳನ್ನು ಹೇಳಬೇಕು. 2015ರಲ್ಲಿ ಆರಂಭವಾದ ಹೊಸಬೆಳಕು ಯೋಜನೆಯಿಂದ 9 ವಾಟಿನ ಎಲ್‌ಇಡಿ ಬಲ್ಬುಗಳು ಕಡಿಮೆ ಬೆಲೆಗೆ ಮನೆಮನೆಗೆ ಬಂದವು. ಹಳೆಯ 60 ವಾಟಿನ ಬಲ್ಬಿನ ಸ್ಥಾನದಲ್ಲಿ ಅಂತಹದೊಂದು ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ 93 ಯೂನಿಟ್ಟು ಉಳಿಯುತ್ತದೆ. ಇನ್ನೊಂದು ನಿರಂತರ ಜ್ಯೋತಿ ಯೋಜನೆ. ಊರಿನ ದೀಪಗಳಿಗೂ ಹೊಲದ ಪಂಪುಗಳಿಗೂ ಒಂದೇ ಫೀಡರು ಇದ್ದಾಗ ಪಂಪಿಗೆ ಕರೆಂಟು ತೆಗೆದರೆ ಊರು ಕತ್ತಲಾಗುತ್ತಿತ್ತು. ಎರಡನ್ನೂ ಬೇರ್ಪಡಿಸಿದುದರಿಂದ ಓದುವ ಮಕ್ಕಳಿಗೆ ಸಂಜೆಯ ಬೆಳಕು ದೊರೆಯಿತು.

ಇಷ್ಟೆಲ್ಲ ಆದ ಮೇಲೂ ಉಳಿದಿರುವುದು ಪಂಪುಸೆಟ್ಟು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಾವರಿಗೆ ಹೋಗುತ್ತದೆಂದು ಲೆಕ್ಕ. ಲೆಕ್ಕವೆಂದೆವು, ಅಂದಾಜು ಎಂದರೆ ಸರಿಯಾದೀತು. ಬಹುಪಾಲು ಪಂಪುಸೆಟ್ಟುಗಳಿಗೆ ಮೀಟರಿಲ್ಲ. ಫೀಡರಿನ ಮೀಟರು ಹಾಗೂ ಆಯ್ದ ಟ್ರಾನ್ಸ್‌ಫಾರ್ಮರುಗಳ ಮೀಟರು ಇವುಗಳನ್ನು ಆಧರಿಸಿ ಬಳಕೆಯನ್ನು ಊಹಿಸಲಾಗುತ್ತದೆ. ಮೀಟರಿಲ್ಲದೆ ವಿದ್ಯುತ್ತನ್ನು ಸರಬರಾಜು ಮಾಡಕೂಡದೆಂದು 2003ರ ವಿದ್ಯುತ್ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಕಾಯಿದೆಯ ಮಾತು ಹೊಲದವರೆಗೆ ಇನ್ನೂ ಬಂದಿಲ್ಲ.

ಅಳತೆಯಿಲ್ಲದಿದ್ದರೆ ಆಗುವ ನಷ್ಟವೇನು? ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಒಂದು ಎಕರೆ ಹೊಲಕ್ಕೆ ಎರಡು ಅಂಗುಲದಷ್ಟು ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರು ಬೇಕು. ಒಂದು ಲೀಟರು ನೀರನ್ನು ಒಂದು ಮೀಟರು ಮೇಲೆತ್ತಲು 9.8 ಜೂಲ್ ಶಕ್ತಿ ಬೇಕು. ನೀರಿನ ಮಟ್ಟವು 30 ಮೀಟರು, ಎಂದರೆ ಸುಮಾರು 100 ಅಡಿ ಕೆಳಗಿದ್ದರೆ ಬೇಕಾದ ಶಕ್ತಿ 5 ಕೋಟಿ 88 ಲಕ್ಷ ಜೂಲ್. ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲ್. ಆದುದರಿಂದ ಇದು ಸುಮಾರು 16 ಯೂನಿಟ್ಟು. ಮೋಟಾರು, ಪಂಪು, ಕೊಳವೆಗಳಲ್ಲಿ ನಷ್ಟವಾಗಿ ನೂರರಲ್ಲಿ 40 ಪಾಲು ಮಾತ್ರ ನೀರಿಗೆ ಮುಟ್ಟುವುದೆಂದು ಇಟ್ಟುಕೊಂಡರೆ 41 ಯೂನಿಟ್ಟು ಬೇಕಾಗುತ್ತದೆ. ನೀರು 150 ಮೀಟರಿಗೆ, ಎಂದರೆ ಸುಮಾರು 500 ಅಡಿಗೆ ಇಳಿದರೆ ಅದೇ ಎರಡು ಅಂಗುಲಕ್ಕೆ 204 ಯೂನಿಟ್ಟು ಬೇಕು. ಅದು ಕಲ್ಲಿದ್ದಲಿನಿಂದ ಬಂದುದಾದರೆ, ಯೂನಿಟ್ಟಿಗೆ ಸುಮಾರು 700 ಗ್ರಾಮಿನಂತೆ 140 ಕಿಲೋಗ್ರಾಮಿಗೂ ಮಿಕ್ಕಿದ ಕಲ್ಲಿದ್ದಲು ಸುಟ್ಟಂತಾಯಿತು. ಹೊಲ ಅದೇ, ಬೆಳೆ ಅದೇ, ನೀರೂ ಅಷ್ಟೇ. ಶಕ್ತಿ ಮಾತ್ರ ಐದು ಪಟ್ಟು.

ಇಲ್ಲಿಯೇ ಮೂರು ಗುರಿಗಳೂ ಒಂದೆಡೆ ಸೇರುತ್ತವೆ. ನೀರು ಇಳಿದಂತೆಲ್ಲ ವಿದ್ಯುತ್ತು ಹೆಚ್ಚು ಬೇಕು. ವಿದ್ಯುತ್ತು ಹೆಚ್ಚು ಬೇಕಾದಂತೆಲ್ಲ ಹೊಗೆ ಹೆಚ್ಚುತ್ತದೆ. ಕಂಪನಿಯು ಎಷ್ಟೇ ಗಾಳಿ ಬಿಸಿಲುಗಳ ವಿದ್ಯುತ್ತನ್ನು ಕೊಂಡರೂ, ಇಳಿಯುತ್ತಿರುವ ನೀರು ಆ ಗಳಿಕೆಯನ್ನು ನುಂಗುತ್ತಿರುತ್ತದೆ. ಎಷ್ಟು ನುಂಗಿತೆಂದು ತಿಳಿಯಲು ಮೀಟರಿಲ್ಲ. ಅಷ್ಟೇ ಅಲ್ಲದೆ, ಹಳೆಯ ತಂತಿಯಲ್ಲಿ ನಷ್ಟವಾದುದು, ಕಳವಾದುದು ಎಲ್ಲವೂ 'ರೈತನ ಬಳಕೆ' ಎಂಬ ಅಂದಾಜಿನೊಳಗೆ ಅಡಗಿಕೊಳ್ಳುವ ಸಂಭವವಿದೆ. ತಾನು ಬಳಸದ ವಿದ್ಯುತ್ತಿಗೆ ರೈತನು ಅಪವಾದ ಹೊರಬೇಕಾಗುತ್ತದೆ.

ಆದರೆ ಮೀಟರೆಂದೊಡನೆ ರೈತನಿಗೆ ಬಿಲ್ಲಿನ ಭಯ. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ನೀರಾವರಿಯ ಕರದ ವಿರುದ್ಧ ರೈತರು ಎದ್ದು ನಿಂತುದನ್ನು ಈ ಸೀಮೆ ಮರೆತಿಲ್ಲ. 2008ರಿಂದ 10 ಎಚ್.ಪಿ.ವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿದೆ; ಆ ಹಣವನ್ನು ಸರಕಾರವು ಕಂಪನಿಗೆ ತುಂಬಿಕೊಡುತ್ತದೆ. ಮಳೆಯನ್ನೂ ಪೇಟೆಯ ಬೆಲೆಯನ್ನೂ ನಂಬಲಾರದ ಒಕ್ಕಲುತನಕ್ಕೆ ಇದೊಂದು ಆಸರೆ. ಅದನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ.

ನಾವು ಹೇಳುವುದು ಇಷ್ಟೇ: ಅಳತೆ ಬೇರೆ, ಬೆಲೆ ಬೇರೆ. ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತು ಉಚಿತ. ಆದರೂ ಪ್ರತಿ ಮನೆಯಲ್ಲಿ ಮೀಟರಿದೆ. ತಿಂಗಳು ತಿಂಗಳೂ ಅದನ್ನು ಓದುತ್ತಾರೆ. ಎಷ್ಟು ಬಳಸಿದೆವೆಂಬುದು ಚೀಟಿಯಲ್ಲಿ ಅಚ್ಚಾಗಿ ಕೈಗೆ ಬರುತ್ತದೆ. ಮೀಟರು ಇದ್ದುದರಿಂದ ಉಚಿತವು ತಪ್ಪಲಿಲ್ಲ. ಮನೆಗೆ ಸಲ್ಲುವ ಈ ನ್ಯಾಯ ಹೊಲಕ್ಕೆ ಏಕೆ ಸಲ್ಲಬಾರದು?

ಹಗಲಿನಲ್ಲಿ ಬಿಸಿಲಿನಿಂದ ಪಂಪು ನಡೆಸಿದರೆ ಎಲ್ಲವೂ ಸರಿಹೋಗುವುದೆಂದು ಕೆಲವರು ಹೇಳುವರು. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯಲ್ಲಿ ಪಂಪುಗಳ ಫೀಡರಿಗೇ ಸೌರ ಸ್ಥಾವರವನ್ನು ಜೋಡಿಸಲು ಅವಕಾಶವಿದೆ. ಇದು ಒಳ್ಳೆಯದು. ರಾತ್ರಿಯ ಹೊತ್ತು ಹಾವು ಚೇಳುಗಳ ನಡುವೆ ನೀರು ಹಾಯಿಸುವ ಕಷ್ಟ ತಪ್ಪುತ್ತದೆ. ಕರೆಂಟು ಯಾವಾಗ ಬರುವುದೋ ತಿಳಿಯದೆ ಆಟೋ ಸ್ಟಾರ್ಟರು ಹಾಕಿ ಮಲಗುವುದೂ, ಬೇಡವಾದಾಗಲೂ ಪಂಪು ಓಡುವುದೂ ಕಡಿಮೆಯಾಗುತ್ತವೆ. ಆದರೆ ಬಿಸಿಲಿಗೆ ಬೆಲೆಯಿಲ್ಲವೆಂದು ಪಂಪು ಇನ್ನಷ್ಟು ಓಡಿದರೆ? ಹೊಗೆ ಕಡಿಮೆಯಾದೀತು, ಬಾವಿ ಮಾತ್ರ ಬತ್ತೀತು. ಹದಿಮೂರನೆಯ ಗುರಿಯನ್ನು ಮುಟ್ಟಲು ಹೋಗಿ ಆರನೆಯದನ್ನು ಕಳೆದುಕೊಂಡಂತಾಗುತ್ತದೆ.

ಇದಕ್ಕೆ ಪರಿಹಾರವೂ ಪ್ರಯೋಗದಲ್ಲಿದೆ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಗ್ರಾಮದಲ್ಲಿ 2016ರಲ್ಲಿ ರೈತರ ಸಹಕಾರ ಸಂಘವೊಂದು ತಾನು ಬಳಸದೆ ಉಳಿಸಿದ ಸೌರ ವಿದ್ಯುತ್ತನ್ನು ಕಂಪನಿಗೆ ಮಾರತೊಡಗಿತು. ಪಂಜಾಬಿನಲ್ಲಿ 2018ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ, ಗೊತ್ತುಪಡಿಸಿದ ಪ್ರಮಾಣಕ್ಕಿಂತ ಕಡಿಮೆ ಬಳಸಿದ ರೈತನಿಗೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಕೊಡಲಾಯಿತು. ನಮ್ಮಲ್ಲಿಯೇ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯರೈತ ಎಂಬ ಹೆಸರಿನ ಪ್ರಯೋಗ ನಡೆದಿದೆ. ಇವುಗಳಲ್ಲೆಲ್ಲ ಒಂದು ಅಂಶ ಸಮಾನವಾಗಿದೆ: ಮೀಟರು ರೈತನಿಂದ ಹಣ ಕೇಳುವ ಯಂತ್ರವಾಗಿಲ್ಲ, ರೈತನಿಗೆ ಹಣ ತರುವ ಯಂತ್ರವಾಗಿದೆ.

ಆದುದರಿಂದ ಹೆಸ್ಕಾಂ ಮೊದಲು ಮಾಡಬೇಕಾದುದು ನಮ್ಮ ಅಭಿಪ್ರಾಯದಲ್ಲಿ ಮೂರು ಕೆಲಸ. ಪಂಪುಗಳಿಗೆ ವಿದ್ಯುತ್ತನ್ನು ಕೊಡುವ ಪ್ರತಿಯೊಂದು ಟ್ರಾನ್ಸ್‌ಫಾರ್ಮರಿಗೂ ಮೀಟರು ಇಟ್ಟು, ಆ ತಿಂಗಳ ಯೂನಿಟ್ಟುಗಳನ್ನು ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಎಲ್ಲರೂ ಓದುವಂತೆ ಬರೆಯಿಸಬೇಕು. ಒಪ್ಪಿಕೊಂಡ ರೈತರ ಪಂಪುಗಳಿಗೆ ಮೀಟರು ಹಾಕಿ, ಉಳಿಸಿದ ಯೂನಿಟ್ಟಿಗೆ ಹಣ ಕೊಡಬೇಕು. ಉಚಿತದ ಸೌಲಭ್ಯವು ತಪ್ಪುವುದಿಲ್ಲವೆಂದು ಲಿಖಿತ ಭರವಸೆಯನ್ನೂ ಕೊಡಬೇಕು. ಹಳೆಯ ಪಂಪನ್ನು ತೆಗೆದು ದಕ್ಷತೆಯುಳ್ಳದ್ದನ್ನು ಇಡಲು ನೆರವಾಗಬೇಕು: ದಕ್ಷತೆ 40ರಿಂದ 50ಕ್ಕೆ ಏರಿದರೂ ಮೇಲಿನ ಲೆಕ್ಕದ 204 ಯೂನಿಟ್ಟು 163ಕ್ಕೆ ಇಳಿಯುತ್ತದೆ.

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲಿದೆ. ನಿಮ್ಮ ಹೊಲದ ನೀರಿನ ಮಟ್ಟ ಎಷ್ಟು ಅಡಿಯಲ್ಲಿದೆ, ಪಂಪು ಎಷ್ಟು ಎಚ್.ಪಿ.ಯದು, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಲೆಕ್ಕ ಮಾಡಿ ನೋಡಿರಿ. ಹಿರೇಬೆಂಡಿಗೇರಿಯ ಒಂದು ಹೊಲದ ಈ ಲೆಕ್ಕ ಸರಿಯಾಗಿ ದೊರೆತ ದಿನ, ಜಗತ್ತಿನ ಹದಿನೇಳು ಗುರಿಗಳಲ್ಲಿ ಮೂರರ ಕೆಲಸ ಆ ಹೊಲದಲ್ಲಿ ನಿಜವಾಗಿ ಆರಂಭವಾಯಿತೆಂದು ತಿಳಿಯಬಹುದು. ಎತ್ತುಗಳು ದಣಿದು ನಿಂತು ಹೇಳುತ್ತಿದ್ದ ಮಾತನ್ನು ಇನ್ನು ಮುಂದೆ ಮೀಟರೇ ಹೇಳಬೇಕಾಗಿದೆ.