ತಿಪ್ಪ ಅಂತ ಕರೆಯುವವರು ಯಾರು?



ನನ್ನವ್ವ ನನ್ನನ್ನು 'ತಿಪ್ಪ' ಅಂತಾಳೆ. ಶಾಲೆಯ ರಿಜಿಸ್ಟರಿನಲ್ಲಿ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಬೇರೆ ಹೆಸರಿದೆ. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ತಿಂಗಳು ತುಂಬುವ ಮೊದಲೇ ಮಣ್ಣಾದವು. ಮೂರನೆಯವನಾದ ನನ್ನನ್ನು ಅಜ್ಜಿ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಕಿದ್ದನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ತಂದು ಅವ್ವನ ಮಡಿಲಿಗೆ ಹಾಕಿದಳಂತೆ. ಕಸ ಅಂದ್ಕೊಂಡು ಸಾವು ಇತ್ತ ತಿರುಗಿ ನೋಡದಿರಲಿ ಅಂತ. ಗುಂಡ, ಕಲ್ಲ, ಹುಚ್ಚ ಅನ್ನೋ ಎಷ್ಟೋ ಹೆಸರುಗಳ ಹಿಂದೆ ಹೀಗೇ ಸತ್ತ ಅಣ್ಣಂದಿರು ಅಕ್ಕಂದಿರು ಇದ್ದಾರೆ. ಈ ಪದ್ಧತಿ ಮೇಲಿನ ಕೇರಿಯಲ್ಲೂ ಉಂಟು. ಆದರೆ ಅಲ್ಲಿ ಮೀಸೆ ಬಂದ ದಿನ ತಿಪ್ಪ ತಿಪ್ಪೇಗೌಡ ಆಗ್ತಾನೆ. ನಮ್ಮವನು ಹಲ್ಲು ಬಿದ್ದರೂ ತಿಪ್ಪನೇ.

ನನ್ನಪ್ಪನಿಗೆ ಅರವತ್ತು. ಅವನ ಹೆಸರಿನ ತುದಿಗೊಂದು 'ಅಯ್ಯ' ಇದೆ. ಊರು ಅದನ್ನು ಯಾವತ್ತೂ ಬಾಯಿಗೆ ತಂದಿಲ್ಲ. ಗೌಡರ ಹತ್ತು ವರ್ಷದ ಮೊಮ್ಮಗ ತುಂಡು ಹೆಸರಲ್ಲಿ ಕೂಗಿ "ಬೈಕ್ ಒರೆಸ್ಲಾ" ಅಂತಾನೆ. ಅಪ್ಪ "ಆಯ್ತು ಬುದ್ದಿ" ಅಂತಾನೆ.

"ಯಾಕಪ್ಪ ಸುಮ್ನಿದ್ದೆ?" ಅಂದರೆ, "ಮಗ ಕಣ್ಲಾ ಅದು, ಅದುಕ್ಕೇನ್ ಗೊತ್ತು ಬುಡು."

ಗೊತ್ತು. ಯಾರ ಹೆಸರನ್ನು ಎಲ್ಲಿಗೆ ಕೊಯ್ಯಬೇಕು ಅಂತ ಹತ್ತು ವರ್ಷಕ್ಕೇ ಅದಕ್ಕೆ ಗೊತ್ತು.

ಇದು ಬಾಯಿತಪ್ಪಿನ ಮಾತಲ್ಲ. ಬ್ರಾಹ್ಮಣನ ಹೆಸರಲ್ಲಿ ಮಂಗಳ, ಕ್ಷತ್ರಿಯನದರಲ್ಲಿ ಬಲ, ವೈಶ್ಯನದರಲ್ಲಿ ಧನ ಇರಲಿ, ಶೂದ್ರನ ಹೆಸರು ಮಾತ್ರ ಹೇಸಿಗೆ ಹುಟ್ಟಿಸುವಂತಿರಲಿ ಎಂದು ಮನುಸ್ಮೃತಿಯ ಎರಡನೇ ಅಧ್ಯಾಯ ವಿಧಿಸುತ್ತದೆ. ಮನುವಿನ ಲೆಕ್ಕದಲ್ಲಿ ಗೌಡರೂ ಶೂದ್ರರೇ! ತಮ್ಮ ಮುಖಕ್ಕೆ ಬಿದ್ದ ಉಗುಳನ್ನು ಬಳಿದು ನಮ್ಮ ಮುಖಕ್ಕೆ ಹಚ್ಚುತ್ತಿದ್ದಾರೆ. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡದಲ್ಲಿ ಆ ಪುಸ್ತಕ ಸುಟ್ಟದ್ದು ಸುಮ್ಮನೆ ಅಲ್ಲ.

ಇಡೀ ಜನಾಂಗಕ್ಕೇ ಒಂದು ಅಡ್ಡಹೆಸರು ಇಟ್ಟರಲ್ಲ, 'ಹರಿಜನ' ಅಂತ. ಅದೂ ಪ್ರೀತಿಯ ಹೆಸರೇ ಅಂತೆ. ನಮ್ಮನ್ನು ಕೇಳಿದವರು ಯಾರು? 1938ರಲ್ಲಿ ಮುಂಬಯಿ ಶಾಸನಸಭೆ ಆ ಪದವನ್ನು ಕಾನೂನಿಗೆ ಸೇರಿಸಲು ಹೊರಟಾಗ ಬಾಬಾಸಾಹೇಬರು ತಮ್ಮ ಪಕ್ಷದವರ ಜೊತೆ ಸಭೆಯಿಂದ ಹೊರನಡೆದರು.

ಗೌಡರ ಮಾತು ಬಿಡಿ. ಈಗ ನಮ್ಮೊಳಗಿನ ಮಾತು. ನಗರದ ಗೆಳೆಯನೊಬ್ಬ, ಅಂಬೇಡ್ಕರ್, ಲೋಹಿಯಾ ಎಲ್ಲಾ ಓದಿದವನು, ನಮ್ಮನೆಗೆ ಬಂದು ಮುದ್ದೆ ಉಂಡ. ಅವ್ವ ನನ್ನ ಕರೆದದ್ದನ್ನು ಕೇಳಿಸಿಕೊಂಡ. ಮುಂದಿನ ವಾರ ಕವಿಗೋಷ್ಠಿಯಲ್ಲಿ ಮೈಕು ಹಿಡಿದು ಉಳಿದವರಿಗೆಲ್ಲ 'ಶ್ರೀಯುತರು', 'ಪ್ರೊಫೆಸರ್' ಹಚ್ಚಿದವನು, ನನ್ನ ಸರದಿ ಬಂದಾಗ "ಈಗ ನಮ್ಮ ತಿಪ್ಪ ಪದ್ಯ ಓದ್ತಾನೆ" ಅಂದ. ಸಭೆ ನಕ್ಕಿತು. ಗಂಟಲು ಒಣಗಿ, ಯಾವ ಪದ್ಯ ಓದಿದೆನೋ ನನಗೇ ನೆನಪಿಲ್ಲ.

ಆಮೇಲೆ ಕೇಳಿದರೆ, "ಪ್ರೀತಿಯಿಂದ ಕರೆದೆ ಮಾರಾಯ, ನಿನಗೆ ಕೀಳರಿಮೆ" ಅಂದ.

"ನಿಮ್ಮನೇಲಿ ನಿಮ್ಮನ್ನ ಏನಂತ ಕರೀತಾರೆ?" ಅಂದೆ. (ನನ್ನದೇ ವಯಸ್ಸು. ಅವನು ನನಗೆ 'ನೀನು', ನಾನು ಅವನಿಗೆ 'ನೀವು'. ಅದೂ ಅವತ್ತೇ ಗಮನಕ್ಕೆ ಬಂದದ್ದು.)

"ಪುಟ್ಟು."

"ಆಯ್ತು ಪುಟ್ಟು, ಮುಂದಿನ ಗೋಷ್ಠಿಗೆ ನಿನ್ನ ಅಧ್ಯಕ್ಷತೆ, ನನ್ನ ನಿರೂಪಣೆ."

ಅವನ ಮುಖ ಕೆಂಪಾಯಿತು.

ನನಗೆ ಅಡ್ಡಹೆಸರಿನ ಮೇಲೆ ಸಿಟ್ಟಿಲ್ಲ. ಹಾಸ್ಟೆಲಿನ ರೂಮಿನವರು ನನ್ನನ್ನು 'ಗೂಬೆ' ಅಂತಿದ್ದರು. ನಾನು ಅವರಿಗೆ 'ಕೋಣ' ಅಂತಿದ್ದೆ. ಲೆಕ್ಕ ಚುಕ್ತಾ. ನನಗೆ ನೀನು ಎಸೆದದ್ದನ್ನು ನಿನಗೆ ನಾನು ವಾಪಸು ಎಸೆಯಬಲ್ಲೆನಾ, ಅಷ್ಟೇ ನಾನು ಕೇಳುತ್ತಿರೋದು.

ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಶಿಕ್ಷೆಯಿದೆ. ಮುದುಕನೊಬ್ಬನ ಹೆಸರಿನಿಂದ 'ಅಯ್ಯ' ಕಿತ್ತುಕೊಂಡರೆ ಯಾವ ಕಲಂ? ಹಳ್ಳಿಯ ಮೇಷ್ಟ್ರುಗಳೇ, ನೀವಾದರೂ ಹಾಜರಿ ಕೂಗುವಾಗ ನಮ್ಮ ಕೇರಿ ಮಕ್ಕಳ ಹೆಸರನ್ನು ಪೂರ್ತಿ ಕೂಗಿ.

ಮೊನ್ನೆ ಊರಿಗೆ ಹೋಗಿದ್ದೆ. ಗೌಡರ ಜಗಲಿಯಿಂದ ಆ ಹುಡುಗ "ತಿಪ್ಪಾ" ಅಂದ. ನಿಲ್ಲಲಿಲ್ಲ. ಮತ್ತೆ ಕೂಗಿದ, ಇನ್ನೂ ಜೋರಾಗಿ. ಕೇರಿಯ ತಿರುವಿನಲ್ಲಿ ಅವ್ವ ನಿಂತಿದ್ದಳು. ಅವಳೂ "ತಿಪ್ಪಾ" ಅಂದಳು. "ಓ" ಅಂದೆ.