ಹಳೇ ಗುಳಿಗೆ, ಹೊಸ ಗುಳಿಗೆ ಮತ್ತು ಯಾರೂ ಹೇಳದ ಮಾತು

"ಗಾರ್ಡಿನಾಲ್? ಅದನ್ನ ಈಗಲೂ ಯಾರ್ರೀ ತಗೋತಾರೆ?" ಅಂತ ಬೆಂಗಳೂರಿನಲ್ಲಿ ಕೂತು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುಳಗಿಯಲ್ಲಿರುವ ನನ್ನ ಸೋದರತ್ತೆ ತಗೋತಾಳೆ ಸ್ವಾಮೀ! 18 ವರ್ಷದಿಂದ, ದಿನಾ ರಾತ್ರಿ ಊಟ ಆದ ಮೇಲೆ.

ಕುಳಗಿ ಅಂದ ಕೂಡಲೇ ನಿಮ್ಮಲ್ಲಿ ಬಹಳ ಜನಕ್ಕೆ ಅರಣ್ಯ ಇಲಾಖೆಯ ಟೆಂಟು, ಸಫಾರಿ, ಕಾಳಿ ನದಿಯ ರಾಫ್ಟಿಂಗ್ ನೆನಪಾಗಬಹುದು. ವೀಕೆಂಡ್ ಮುಗಿದ ಮೇಲೂ ಅಲ್ಲಿ ಜನ ಬದುಕುತ್ತಾರೆ. ಫಿಟ್ಸ್ ಇರುವವರಿಗೆ ಅಂಥ ಊರಿನಲ್ಲಿ ಮೂರು ಭಯ: ಉರಿಯುವ ಒಲೆ, ಬಾವಿಕಟ್ಟೆ, ಹೊಳೆ. ಗುಳಿಗೆ ಬೇಕೆಂದರೆ ಸುಮಾರು 12 ಕಿಲೋಮೀಟರ್ ದೂರದ ದಾಂಡೇಲಿಗೆ ಹೋಗಬೇಕು. ನರರೋಗ ತಜ್ಞರೇ ಬೇಕೆಂದರೆ ಧಾರವಾಡ, ಹುಬ್ಬಳ್ಳಿ.

ನಾನು ಡಾಕ್ಟರಲ್ಲ, ಇಂಜಿನಿಯರಿಂಗ್ ಓದಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಇದನ್ನು ಓದಿ ಯಾರೂ ಗುಳಿಗೆ ಬದಲಾಯಿಸಬೇಡಿ. ನನ್ನ ಜಗಳ ಬೇರೆಯದು.

ನಮ್ಮ ಕಡೆ ಫಿಟ್ಸ್ ಇರುವ ಮನೆಗಳಲ್ಲಿ ಎರಡು ಪಕ್ಷ. ಒಂದು ಗಾರ್ಡಿನಾಲ್ ಪಕ್ಷ, ಅಂದರೆ ಫಿನೋಬಾರ್ಬಿಟೋನ್. ಇನ್ನೊಂದು ಎಪ್ಟಾಯಿನ್ ಪಕ್ಷ, ಅಂದರೆ ಫೆನಿಟಾಯಿನ್. ಮೊದಲನೆಯದು ಫಿಟ್ಸ್‌ಗೆ ಬಳಕೆಗೆ ಬಂದದ್ದು 1912ರಲ್ಲಿ, ಎರಡನೆಯದು 1938ರಲ್ಲಿ. ಎರಡೂ ನಮ್ಮ ಅಜ್ಜನ ಕಾಲದವೇ. ಆದರೂ ನೆಂಟರಿಷ್ಟರೆಲ್ಲ ಮನೆಗೆ ಬಂದು, "ಅದು ಮಂಕು ಮಾಡ್ತದ, ಬಿಡಿಸ್ರಿ, ಇದನ್ನ ಹಾಕಿಸ್ರಿ" ಅಂತ ಪುಕ್ಕಟೆ ಸಲಹೆ ಕೊಟ್ಟು, ಚಹಾ ಕುಡಿದು ಹೋಗುತ್ತಾರೆ.

ಈ ಜಗಳಕ್ಕೆ ನಮ್ಮ ರಾಜ್ಯದಲ್ಲೇ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಜೊತೆಗಾರರು ಯಳಂದೂರು ತಾಲೂಕಿನ ಹಳ್ಳಿಗಳಲ್ಲಿ ಇವೇ ಎರಡು ಗುಳಿಗೆ ಕೊಟ್ಟು, 5 ವರ್ಷ ರೋಗಿಗಳ ಬೆನ್ನು ಹತ್ತಿ ನೋಡಿದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ದೊಡ್ಡಾಸ್ಪತ್ರೆ, ದುಬಾರಿ ಔಷಧಿ ಇಲ್ಲದೆಯೂ, ಈ ಅಗ್ಗದ ಗುಳಿಗೆಗಳಿಂದ ಹಳ್ಳಿಯಲ್ಲೇ ಫಿಟ್ಸ್ ಹಿಡಿತಕ್ಕೆ ತರಬಹುದು ಅಂತ ತೋರಿಸಿದ ಕೆಲಸ ಅದು. ಚಿಕಿತ್ಸೆಗೆ ಮುಂಚೆ 30ಕ್ಕಿಂತ ಹೆಚ್ಚು ಸಲ ಫಿಟ್ಸ್ ಬಂದಿದ್ದವರಿಗಿಂತ, ಅದಕ್ಕಿಂತ ಕಡಿಮೆ ಬಂದಿದ್ದವರಿಗೆ ಗುಣ ಚೆನ್ನಾಗಿ ಸಿಕ್ಕಿತು ಅನ್ನುವುದನ್ನೂ ಅದು ಹೇಳಿತು. ಅಂದರೆ "ಯಾವ ಗುಳಿಗೆ" ಅಂತ ಚರ್ಚೆ ಮಾಡುತ್ತಾ, ಮೂಗಿಗೆ ಈರುಳ್ಳಿ ಹಿಡಿಯುತ್ತಾ ಕೂತಷ್ಟೂ ನಷ್ಟ ರೋಗಿಗೇ.

ಮಕ್ಕಳ ವಿಷಯಕ್ಕೂ ಬನ್ನಿ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ 94 ಮಕ್ಕಳಿಗೆ ಇವೇ ಎರಡನ್ನು ಕೊಟ್ಟು ಹೋಲಿಸಿದ ಪ್ರಯೋಗ 1998ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬಂತು. ಫಿಟ್ಸ್ ತಡೆಯುವುದರಲ್ಲೂ, ಮಕ್ಕಳ ನಡವಳಿಕೆ ಕೆಡಿಸುವುದರಲ್ಲೂ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎರಡೂ ಒಂದೇನಾ? ಅಲ್ಲ. ಫಿಟ್ಸ್‌ಗೆ ಏನು ಮಾಡುತ್ತವೆ ಅನ್ನುವುದರಲ್ಲಿ ಅಷ್ಟು ಫರಕಿಲ್ಲ, ಮನುಷ್ಯರಿಗೆ ಏನು ಮಾಡುತ್ತವೆ ಅನ್ನುವುದರಲ್ಲಿ ಬಹಳ ಇದೆ.

ಗಾರ್ಡಿನಾಲ್ ನಿದ್ದೆ ತರುತ್ತದೆ, ಶುರುವಿನಲ್ಲಿ ಜಾಸ್ತಿ. ಕೆಲವು ಮಕ್ಕಳಿಗೆ ಉಲ್ಟಾ, ಒಂದು ಕಡೆ ಕೂರುವುದೇ ಇಲ್ಲ. ಆದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಮೂರು ನಾಲ್ಕು ದಿನ ಬೇಕು. ಹಾಗಾಗಿ ದಿನಕ್ಕೊಂದು ಸಲ ನುಂಗಿದರೆ ಸಾಕು. ಆದರೆ ಏಕಾಏಕಿ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ. ನಮ್ಮತ್ತೆ ಹೇಳುವುದು ಇಷ್ಟೇ: "ತಗೊಂಡ್ರ ನಿದ್ದಿ ಬರ್ತೈತೋ ತಮ್ಮಾ, ಬಿಟ್ರ ಒಲಿ ಮುಂದ ಕುಂದ್ರಾಕ ಅಂಜಿಕಿ."

ಎಪ್ಟಾಯಿನ್‌ಗೆ ಅಷ್ಟು ಮಂಪರಿಲ್ಲ. ಆದರೆ ಒಸಡು ಊದುತ್ತದೆ, ಮುಖದ ಮೇಲೆ ಕೂದಲು ಬೆಳೆಯಬಹುದು. ಇನ್ನೊಂದು ತೊಂದರೆಯನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಲಿವರ್ ಒಂದು ಸರ್ವರ್ ಅಂದುಕೊಳ್ಳಿ. ಒಂದು ಮಿತಿಯ ತನಕ ಲೋಡ್ ತಡೆಯುತ್ತದೆ, ಆಮೇಲೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. 300 ಮಿಲಿಗ್ರಾಂ ಇದ್ದದ್ದನ್ನು 400 ಮಾಡಿದರೆ ರಕ್ತದಲ್ಲಿ ಅದು ಎಷ್ಟೋ ಪಟ್ಟು ಏರಬಹುದು. ರೋಗಿ ತೂರಾಡುತ್ತಾನೆ. ಊರವರು "ಕುಡಿದಾನ" ಅನ್ನುತ್ತಾರೆ.

ಮುಂಡಗೋಡ ಕಡೆಯ, ನಮಗೆ ಗೊತ್ತಿರುವ ಒಂದು ಮನೆಯ ಹುಡುಗಿ ಒಸಡು ಊದಿತು ಅಂತ ನಿಶ್ಚಿತಾರ್ಥಕ್ಕೆ ಒಂದು ತಿಂಗಳ ಮುಂಚೆ ಯಾರಿಗೂ ಹೇಳದೆ ಎಪ್ಟಾಯಿನ್ ಬಿಟ್ಟಳು. ಮತ್ತೆ ಫಿಟ್ಸ್ ಬಂತು. ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ, ಆದರೆ ಹೆಣ್ಣು ನೋಡಲು ಬರುವವರು ಕಾಯ್ದೆ ಓದಿಕೊಂಡು ಬರುವುದಿಲ್ಲವಲ್ಲ! ಈ ಗುಳಿಗೆಯಿಂದ ಒಸಡು ಊದಬಹುದು, ಹಲ್ಲು ಚೆನ್ನಾಗಿ ಉಜ್ಜಿಕೋ, ಬೇಡ ಅನಿಸಿದರೆ ಬಾ, ನಿಧಾನವಾಗಿ ಬೇರೆಯದಕ್ಕೆ ಬದಲಾಯಿಸೋಣ ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ಇವೆರಡೂ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತವೆ, ಬಸಿರಾಗುವ ಮುಂಚೆಯೇ ಡಾಕ್ಟರನ್ನು ಕಾಣಬೇಕು ಅಂತ ಎಷ್ಟು ಹೆಣ್ಣುಮಕ್ಕಳಿಗೆ ಹೇಳುತ್ತಾರೆ, ನೀವೇ ಹೇಳಿ?

"ಹಳ್ಳಿಯವರಿಗೆ ಅದೆಲ್ಲ ಹೇಳಿ ಏನುಪಯೋಗ" ಅನ್ನುವ ಈ ಧೋರಣೆಯೇ ನನ್ನ ನಿಜವಾದ ಜಗಳ. ದಿನಕ್ಕೆ ನೂರು ರೋಗಿಗಳನ್ನು ನೋಡುವ ಡಾಕ್ಟರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇದು ಐದು ವಾಕ್ಯದ ಮಾತು. ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ನರ್ಸಮ್ಮ ಹೇಳಲಿ, ಆಶಾ ಕಾರ್ಯಕರ್ತೆ ಹೇಳಲಿ.

ಹೊಸ ಗುಳಿಗೆ ಬೇಡವೇ ಅಂತ ಕೇಳುತ್ತೀರಾ? ಖಂಡಿತ ಬೇಕು. ಲೆವೆಟಿರಾಸಿಟಾಂ ಬಸಿರಿನಲ್ಲಿ ಇವೆರಡಕ್ಕಿಂತ ಸುರಕ್ಷಿತ, ಬೇರೆ ಔಷಧಿಗಳ ಜೊತೆ ತಕರಾರು ಕಡಿಮೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಅದಕ್ಕೂ ಅದರದೇ ಕಾಟವಿದೆ, ಕೆಲವರಿಗೆ ಸಿಟ್ಟು, ಕಿರಿಕಿರಿ ಹೆಚ್ಚುತ್ತದೆ. ಇರಲಿ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅದು ಹಳ್ಳಿಯ ಆಸ್ಪತ್ರೆಯ ಕಪಾಟಿನಲ್ಲಿ ಇರುತ್ತದೆಯೇ? ಪ್ರತಿ ತಿಂಗಳು ತಪ್ಪದೆ ಕೊಡುವುದಾದರೆ ಹೊಸದನ್ನೇ ಕೊಡಿ. ಕೊಡಲಾಗದವರು ಹಳೆಯದನ್ನು ಹೀಯಾಳಿಸಿ ಬಿಡಿಸಬೇಡಿ.

ಜೋಯಿಡಾ, ದಾಂಡೇಲಿ ಕಡೆ ಮಳೆ ಹಿಡಿದರೆ ಬಸ್ಸನ್ನು ನಂಬುವ ಹಾಗಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ, ಫಿಟ್ಸ್ ಇರುವ ಪ್ರತಿ ಮನೆಗೂ ಮೂರು ತಿಂಗಳ ಗುಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಸಿಗಬೇಕು. ಅದರ ಜೊತೆ ಆ ಐದು ವಾಕ್ಯವೂ. ಇಷ್ಟು ಮಾಡಿ ಆಮೇಲೆ ಹಳೇದು ಒಳ್ಳೇದೋ ಹೊಸದು ಒಳ್ಳೇದೋ ಅಂತ ಎಷ್ಟು ಬೇಕಾದರೂ ಜಗಳ ಆಡೋಣ.