ಟಿವಿಯವರು ಬಂದ್ರೆ?

ನಮ್ಮ ಸಂಘದ ಸದಸ್ಯೆಯೊಬ್ಬರ ಮಗಳು ಕಳೆದ ಆಷಾಢಕ್ಕೆಂದು ತವರಿಗೆ ಬಂದವಳು ತಿರುಗಿ ಗಂಡನ ಮನೆಗೆ ಹೋಗಲಿಲ್ಲ. ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ಬರುವುದು ವಾಡಿಕೆಯಾದ್ದರಿಂದ ಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಶ್ರಾವಣ ಕಳೆಯಿತು, ಗೌರಿಹಬ್ಬವೂ ಆಯಿತು. ಒಂದು ಶನಿವಾರ ಸಭೆ ಮುಗಿದು, ಉಳಿತಾಯದ ದುಡ್ಡು ಕಟ್ಟಿ, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಎದ್ದ ಮೇಲೂ ಆ ತಾಯಿ ಮಾತ್ರ ಕೂತೇ ಇದ್ದರು. ಕೇಳಿದಾಗ ಹೇಳಿದರು. ಮದುವೆಯಲ್ಲಿ ಮಾತಾಡಿದ್ದ ಬೈಕು, ಉಂಗುರ ಎಲ್ಲ ಕೊಟ್ಟಾಗಿದೆ. ಈಗ ಪಟ್ಟಣದಲ್ಲಿ ಸೈಟು ಬೇಕಂತೆ. ಮಗಳ ಬಲಗೈ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಗುರುತಿದೆ.

ಅಂದೇ ಸಂಜೆ ನಾವು ಮೂವರು ಅವರ ಮನೆಗೆ ಹೋದೆವು. ನಡುಮನೆಯಲ್ಲಿ ಟಿವಿ ಓಡುತ್ತಿತ್ತು. ಪಕ್ಕದ ತಾಲ್ಲೂಕಿನಲ್ಲಿ ಆ ವಾರ ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕ ಒಬ್ಬ ಹೆಂಗಸಿನ ಸುದ್ದಿ. ಅವಳ ಮದುವೆಯ ವಿಡಿಯೋವನ್ನು ನಿಧಾನ ಮಾಡಿ ಮತ್ತೆ ಮತ್ತೆ ತೋರಿಸುತ್ತಿದ್ದರು. ಧಾರೆಯ ಹೊತ್ತಿನಲ್ಲಿ ಅವಳು ತಲೆ ತಗ್ಗಿಸಿದ್ದಕ್ಕೆ ಒಂದು ಕೆಂಪು ಬಾಣದ ಗುರುತು, ಹಿಂದಿನಿಂದ ದೆವ್ವದ ಸಿನಿಮಾದ ಸಂಗೀತ. ನಿರೂಪಕರು ನಿಂತುಕೊಂಡು, ಮೇಜು ಕುಟ್ಟಿ, “ಆ ರಾತ್ರಿ ಅವಳಿಗೆ ಫೋನ್ ಮಾಡಿದ್ದು ಯಾರು?” ಎಂದು ನಮ್ಮನ್ನೇ ಗದರಿಸುವವರಂತೆ ಕೇಳುತ್ತಿದ್ದರು. ಫೋನು ಮಾಡಿದ್ದು ಅವಳ ಅಣ್ಣ ಎಂದು ಅರ್ಧ ಗಂಟೆಯ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ನೋಡುವವರು ಏನು ನಿರ್ಧಾರ ಮಾಡಬೇಕೋ ಅದನ್ನು ಮಾಡಿ ಆಗಿತ್ತು.

ನಾನು ಟಿವಿ ಆರಿಸಿ, “ನಾಳೆ ಸ್ಟೇಷನ್ನಿಗೆ ಹೋಗೋಣ ಕಣವ್ವ, ನಾವೆಲ್ಲ ಜೊತೆಗೆ ಬರ್ತೀವಿ” ಎಂದೆ. ಹುಡುಗಿ ಆರಿಹೋದ ಟಿವಿಯ ಕಡೆಗೇ ನೋಡುತ್ತಾ ಅಂದಳು: “ಬ್ಯಾಡ ದೊಡ್ಡಮ್ಮ. ಟಿವಿಯವರು ಬಂದ್ರೆ? ಬಾಗ್ಲು ಮುಂದೆ ಮೈಕ್ ಹಿಡ್ಕೊಂಡು ನಿಂತ್ರೆ ನಾಳೆ ತಮ್ಮನಿಗೆ ಹೆಣ್ಣು ಯಾರು ಕೊಡ್ತಾರೆ?”

ಗೆಳತಿಯರೆ, ಇಪ್ಪತ್ತು ವರ್ಷಕ್ಕೂ ಮೀರಿ ಸಂಘದ ಕೆಲಸ ಮಾಡಿರುವ ನಾನು ದೂರು ಕೊಡದಿರಲು ಹೆಂಗಸರು ಹೇಳುವ ಕಾರಣಗಳನ್ನೆಲ್ಲ ಕೇಳಿದ್ದೇನೆ ಎಂದುಕೊಂಡಿದ್ದೆ. ಮಕ್ಕಳ ಮುಖ, ತಂಗಿಯ ಮದುವೆ, ಅಪ್ಪನ ಸಾಲ, ಸ್ಟೇಷನ್ನಿನಲ್ಲಿ ಕಾಯಿಸುವ ರೀತಿ, “ಹೊಂದಿಕೊಂಡು ಹೋಗು” ಎನ್ನುವ ಊರ ಹಿರಿಯರು. ಇದು ಮಾತ್ರ ಹೊಸದು. ಕೈ ಸುಟ್ಟ ಗಂಡನಿಗಿಂತ ಕ್ಯಾಮರಾಕ್ಕೆ ಹೆಚ್ಚು ಹೆದರಿದ ಹೆಣ್ಣನ್ನು ನಾನು ಅವತ್ತೇ ನೋಡಿದ್ದು. ಅವಳ ಹೆದರಿಕೆ ಸುಳ್ಳೆಂದು ಹೇಳುವ ಧೈರ್ಯವೂ ನನಗೆ ಬರಲಿಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ತೊಂಬತ್ತರ ದಶಕದಲ್ಲಿ ಇಂಥ ಸಾವಿಗೆ ಪತ್ರಿಕೆಗಳಲ್ಲಿ ಸಿಗುತ್ತಿದ್ದುದು ಮೂರು ಸಾಲು. “ಸ್ಟೋವ್ ಸಿಡಿದು ಗೃಹಿಣಿ ಸಾವು”, ಮುಗಿಯಿತು. ಅತ್ತೆಯ ಸೀರೆಗೆ ತಾಗದ ಬೆಂಕಿ, ಮಾವ ಗಂಡಂದಿರನ್ನು ಮುಟ್ಟದ ಬೆಂಕಿ ಸೊಸೆಯನ್ನು ಮಾತ್ರ ಹುಡುಕಿಕೊಂಡು ಹೋಗುವುದು ಹೇಗೆ ಎಂದು ಆ ಮೂರು ಸಾಲು ಕೇಳುತ್ತಿರಲಿಲ್ಲ. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಹಾಸಿಗೆಯ ಪಕ್ಕ ಕೂತು, ಆ ಸ್ಟೋವಿನ ಕಥೆಗಳ ಹಿಂದಿನ ಕಥೆ ಕೇಳಿದ್ದು ಆ ಕಾಲದಲ್ಲೇ. ಅವತ್ತು ನಾವೆಲ್ಲ ಅಂದುಕೊಂಡಿದ್ದೇನು? ಸುದ್ದಿ ದೊಡ್ಡದಾಗಿ ಬಂದರೆ ಜನರಿಗೆ ತಿಳಿಯುತ್ತದೆ, ತಿಳಿದರೆ ನಿಲ್ಲುತ್ತದೆ ಎಂದು. ಈಗ ಮೂರು ಸಾಲಿನ ಜಾಗದಲ್ಲಿ ಮೂರು ದಿನ ಸುದ್ದಿ ಬರುತ್ತದೆ. ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು. ದಿನಕ್ಕೆ ಹದಿನೇಳಕ್ಕೂ ಮೀರಿ. ಅಷ್ಟರಲ್ಲಿ ಟಿವಿಯವರ ಕಣ್ಣಿಗೆ ಬೀಳುವುದು ಯಾವುದು? ಕಥೆಯಲ್ಲಿ ತಿರುವು ಇರುವುದು, ವಿಡಿಯೋ ಸಿಕ್ಕಿರುವುದು, ಹೆಂಗಸು ನೋಡಲು ಚೆಂದವಿರುವುದು.

ಟಿವಿಯವರು ಕೇಳುವ ಪ್ರಶ್ನೆಗಳನ್ನು ಗಮನಿಸಿದ್ದೀರಾ? “ಸಾವಿನ ಹಿಂದೆ ‘ಅವನು’ ಯಾರು?” “ಗಂಡನ ಕೈವಾಡವೋ, ಹೆಂಡತಿಯ ಗುಟ್ಟೋ?” ವಾಕ್ಯದ ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಹಾಕಿಬಿಟ್ಟರೆ ಏನು ಬೇಕಾದರೂ ಹೇಳಬಹುದು, ಯಾವುದಕ್ಕೂ ಹೊಣೆಯಾಗಬೇಕಿಲ್ಲ. ನಮ್ಮೂರ ನಲ್ಲಿಕಟ್ಟೆಯಲ್ಲಿ ಇದೇ ಮಾತು ಆಡುವವರನ್ನು ನಾವು ಚಾಡಿಕೋರರು ಎನ್ನುತ್ತೇವೆ. ಕೋಟು ತೊಟ್ಟುಕೊಂಡು ಆಡಿದರೆ ಪತ್ರಕರ್ತರು.

ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ, ಅವನ್ನು ಸಂಘದಲ್ಲಿ ಕೂತ ಯಾವ ಹೆಂಗಸಾದರೂ ಕೇಳಬಲ್ಲಳು. ಮದುವೆಯಾಗಿ ಎಷ್ಟು ವರ್ಷ? ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾಯುವುದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಾಗಿತ್ತು ಎಂದು ತೋರಿಸಿದರೆ ಅದು ವರದಕ್ಷಿಣೆ ಸಾವು ಎಂದು 1986ರಲ್ಲೇ ಕಾನೂನು ಬಂತು. ಆಗ ಅದು 304ಬಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಅಂಥ ಸಾವಿನಲ್ಲಿ ತಹಶೀಲ್ದಾರರು ಬಂದು ಶವ ಪಂಚನಾಮೆ ಮಾಡಿದರೇ, ಇಲ್ಲ ಪೊಲೀಸರೇ ಮುಗಿಸಿದರೇ? ತವರಿನವರು ಮೊದಲು ದೂರು ಕೊಟ್ಟಿದ್ದರೇ? ಕೊಟ್ಟಿದ್ದರೆ ರಾಜಿ ಮಾಡಿಸಿ ಅವಳನ್ನು ಅದೇ ಮನೆಗೆ ವಾಪಸು ಕಳಿಸಿದವರು ಯಾರು? ಈ ಕೊನೆಯ ಪ್ರಶ್ನೆಯನ್ನು ಯಾವ ನಿರೂಪಕರೂ ಮೇಜು ಕುಟ್ಟಿ ಕೇಳಿದ್ದನ್ನು ನಾನು ಕಂಡಿಲ್ಲ. ಕೇಳಿದರೆ ಉತ್ತರದಲ್ಲಿ ಊರಿನ ದೊಡ್ಡವರ ಹೆಸರು ಬರುತ್ತದೆ.

ದೊಡ್ಡವರು ಎಂದಾಗ 2011 ನೆನಪಾಗುತ್ತದೆ. ಆ ಸೆಪ್ಟೆಂಬರಿನಲ್ಲಿ ನಟ ದರ್ಶನ್ ಹೆಂಡತಿಯ ಮೇಲೆ ಹಲ್ಲೆ ಮಾಡಿದ ದೂರಿನ ಮೇಲೆ ಬಂಧನವಾದರು. ಆಸ್ಪತ್ರೆಯಲ್ಲಿದ್ದ ಹೆಂಡತಿ ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದೆ ಎಂದರೆಂದು ಸುದ್ದಿಯಾಯಿತು. ಬಚ್ಚಲಲ್ಲಿ ಜಾರಿ ಬಿದ್ದ ಹೆಂಗಸರು ನಮ್ಮ ಸಂಘದಲ್ಲೂ ಇದ್ದಾರೆ, ಆ ಮಾತಿನ ತೂಕ ನಮಗೆ ಗೊತ್ತು. ಚಿತ್ರರಂಗ ಏನು ಮಾಡಿತು? ಈ ಸಂಸಾರದ ಜಗಳಕ್ಕೆ ಕಾರಣ ಎಂದು ಒಬ್ಬ ನಟಿಯ ಹೆಸರು ಹಿಡಿದು, ಅವರನ್ನು ಮೂರು ವರ್ಷ ಕನ್ನಡ ಚಿತ್ರಗಳಿಂದ ನಿಷೇಧಿಸಿತು. ಪ್ರತಿಭಟನೆ ಎದ್ದ ಮೇಲೆ ನಿಷೇಧ ವಾಪಸಾಯಿತು. ಗಂಡ ಜೈಲಿನಲ್ಲಿದ್ದಾಗಲೇ ಆತನ “ಸಾರಥಿ” ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ಟಿವಿಯಲ್ಲಿ ಚಿತ್ರಮಂದಿರದ ಮುಂದಿನ ಹಾರ, ಪಟಾಕಿ, ಹಾಲಿನ ಅಭಿಷೇಕ. ಹೆಂಡತಿಯನ್ನು ಹೊಡೆಯುವುದು ಅಪರಾಧ ಎನ್ನುವ ಮಾತು ಆ ಪಟಾಕಿಯ ಸದ್ದಿನಲ್ಲಿ ಯಾರಿಗೆ ಕೇಳಿಸಿತು?

ಹದಿಮೂರು ವರ್ಷದ ಮೇಲೆ, 2024ರ ಜೂನ್‌ನಲ್ಲಿ, ಚಿತ್ರದುರ್ಗದ ರೇಣುಕಸ್ವಾಮಿ ಎಂಬ ಯುವಕನ ಕೊಲೆಯ ಆರೋಪದಲ್ಲಿ ಅದೇ ನಟನ ಬಂಧನವಾಯಿತು. ಆರೋಪ ನಿಜವೋ ಸುಳ್ಳೋ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಹೇಳುವುದು ಟಿವಿಯ ಬಗ್ಗೆ. ಜೈಲಿನಲ್ಲಿ ಏನು ತಿಂದರು, ಹಾಸಿಗೆ ಎಂಥದು, ನಿದ್ದೆ ಬಂತೇ ಎಂದು ತಿಂಗಳುಗಟ್ಟಲೆ ಹೇಳಿದರು. ಕೈದಿ ಸಂಖ್ಯೆ 6106 ಎನ್ನುವುದನ್ನು ಎಷ್ಟು ಸಲ ಹೇಳಿದರೆಂದರೆ, ಅಭಿಮಾನಿಗಳೊಬ್ಬರು ಎಳೆಮಗುವಿಗೆ ಆ ಸಂಖ್ಯೆಯ ಕೈದಿ ಬಟ್ಟೆ ತೊಡಿಸಿ ಫೋಟೋ ತೆಗೆಸಿದರು. ಸತ್ತವನ ಹೆಂಡತಿ ಆಗ ಗರ್ಭಿಣಿ. ಅವರ ಮನೆಯ ಮುಂದೆಯೂ ಕ್ಯಾಮರಾ. ಬಸುರಿ ಹೆಂಗಸು ಅಳುವುದನ್ನು ಹತ್ತಿರದಿಂದ ತೋರಿಸಿದ್ದರಿಂದ ನಮಗೆ ತಿಳಿದ ಹೊಸ ಸಂಗತಿ ಯಾವುದು?

ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಿಹಾರ ಮೂಲದ ಒಬ್ಬ ಯುವ ಎಂಜಿನಿಯರ್ ಹೆಂಡತಿ ಮತ್ತು ಆಕೆಯ ಮನೆಯವರ ಮೇಲೆ ಆಪಾದನೆ ಮಾಡಿ ಆತ್ಮಹತ್ಯೆ ಮಾಡಿಕೊಂಡರು. ಮಗನನ್ನು ಕಳೆದುಕೊಂಡ ತಾಯಿಯ ದುಃಖವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅವತ್ತಿನಿಂದ ವಾರಗಟ್ಟಲೆ ಚರ್ಚೆ ಎಂದರೆ 498ಎ ಕಲಮಿನ ದುರುಪಯೋಗ ಒಂದೇ. 1983ರಲ್ಲಿ ಬಂದ, ಈಗ 85ನೇ ಕಲಮಾಗಿರುವ, ಹೆಂಗಸಿನ ಕೈಯಲ್ಲಿರುವ ಆ ಒಂದು ಕೋಲು. ಅದೇ ವಾರ ಸುಪ್ರೀಂ ಕೋರ್ಟ್ ತೆಲಂಗಾಣದ ಪ್ರಕರಣವೊಂದರಲ್ಲಿ ಈ ಕಲಮಿನ ದುರುಪಯೋಗದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಎಲ್ಲ ಕಡೆ ಅದನ್ನು ದೊಡ್ಡ ಅಕ್ಷರದಲ್ಲಿ ಓದಿದರು. ಕ್ರೌರ್ಯ ಅನುಭವಿಸಿದ ಹೆಣ್ಣು ದೂರು ಕೊಡದೆ ಸುಮ್ಮನಿರಬೇಕೆಂದು ತಾನು ಹೇಳುತ್ತಿಲ್ಲ ಎಂದೂ ಅದೇ ತೀರ್ಪು ಸ್ಪಷ್ಟವಾಗಿ ಹೇಳಿದೆ. ಆ ಮಾತನ್ನು ನಾನು ಟಿವಿಯಲ್ಲಿ ಕೇಳಲಿಲ್ಲ, ವಕೀಲೆಯೊಬ್ಬರು ನಮ್ಮ ತರಬೇತಿಯಲ್ಲಿ ಓದಿ ಹೇಳಿದರು. ನಮ್ಮ ಹುಡುಗಿಯ ಗಂಡನ ಮನೆಯವರೂ ಟಿವಿ ನೋಡುವವರೇ. “ಕೇಸು ಹಾಕಿದ್ರೆ ನೀನೇ ಸುಳ್ಳಿ ಅಂತಾರೆ, ನೋಡಿಲ್ವಾ?” ಎಂದು ಅವಳತ್ತೆ ಮೊದಲೇ ಹೇಳಿಟ್ಟಿದ್ದರಂತೆ.

(ಬೆಳಿಗ್ಗೆ ಏಳಕ್ಕೆ ಬರುವ ಜ್ಯೋತಿಷಿಗಳ ಬಗ್ಗೆ ಬರೆಯಲು ಹೋದರೆ ಈ ಸಂಚಿಕೆ ಸಾಲದು. ಗಂಡ ಹೊಡೆಯುತ್ತಾನೆ ಎಂದು ಫೋನು ಮಾಡಿದ ಹೆಂಗಸಿಗೆ ಒಂಬತ್ತು ಶುಕ್ರವಾರ ದೀಪ ಹಚ್ಚಲು ಹೇಳಿದ್ದನ್ನು ನಾನೇ ಕೇಳಿದ್ದೇನೆ.)

ನ್ಯಾಯವಾಗಿ ಮಾತಾಡಬೇಕಾದರೆ, ಟಿವಿಯಿಂದ ಉಪಕಾರವಾದದ್ದೂ ಇದೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ವಂಟಮುರಿಯಲ್ಲಿ, ಮಗ ಒಬ್ಬ ಹುಡುಗಿಯ ಜೊತೆ ಓಡಿಹೋದನೆಂಬ ಸಿಟ್ಟಿಗೆ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಸುದ್ದಿ ಹೊರಗೆ ಬಂದದ್ದರಿಂದಲೇ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಕೆಲವೇ ದಿನಗಳಲ್ಲಿ ಅದೇ ಹೈಕೋರ್ಟ್, ಆಸ್ಪತ್ರೆಯಲ್ಲಿದ್ದ ಆ ತಾಯಿಯನ್ನು ವೈದ್ಯರ ಲಿಖಿತ ಅನುಮತಿಯಿಲ್ಲದೆ ಗುಂಪುಗಳು, ರಾಜಕೀಯದವರು ಭೇಟಿ ಮಾಡಬಾರದೆಂದು ಆದೇಶಿಸಬೇಕಾಯಿತು. ಸುದ್ದಿ ಬೇಕು. ಗಾಯಾಳುವಿನ ಹಾಸಿಗೆಯ ಸುತ್ತ ಜಾತ್ರೆ ಬೇಡ. ಇವೆರಡರ ನಡುವೆ ಗೆರೆ ಎಳೆಯುವುದು ಅಷ್ಟು ಕಷ್ಟವೇ?

“ಜನ ನೋಡ್ತಾರೆ, ಅದಕ್ಕೇ ತೋರಿಸ್ತೀವಿ” ಎನ್ನುತ್ತಾರೆ. ನಿಜ, ನಾವೂ ನೋಡುತ್ತೇವೆ. ಅವತ್ತು ಆ ಮನೆಯಲ್ಲಿ ಟಿವಿ ಆರಿಸುವ ಮೊದಲು ನಾನೂ ಐದು ನಿಮಿಷ ನಿಂತು ನೋಡಿದೆ, ಫೋನು ಮಾಡಿದ್ದು ಯಾರೋ ತಿಳಿಯಲಿ ಎಂದು. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ವರದಕ್ಷಿಣೆ ಕೇಸಿನಲ್ಲಿ ಸಾಕ್ಷಿ ಹೇಳಬೇಕಾದವರು ಅಕ್ಕಪಕ್ಕದವರು, ಗೋಡೆಯಾಚೆಯಿಂದ ಕೂಗು ಕೇಳಿಸಿಕೊಂಡವರು. ದಿನಾ ರಾತ್ರಿ ಇಂಥದನ್ನೇ ಊಟದ ಜೊತೆ ನೋಡುವ ನೆರೆಯವರು ನಿಜವಾದ ಕೂಗು ಕೇಳಿದಾಗ ಎದ್ದು ಬಾಗಿಲು ತಟ್ಟುತ್ತಾರೆಯೇ, ಇಲ್ಲ ಮೊಬೈಲು ಹಿಡಿದು ಕಿಟಕಿಗೆ ಬರುತ್ತಾರೆಯೇ?

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯ್ದೆಯಲ್ಲಿ 16ನೇ ಕಲಂ ಎಂದೊಂದಿದೆ. ಕೇಳಿಕೊಂಡರೆ ವಿಚಾರಣೆಯನ್ನು ಬಾಗಿಲು ಮುಚ್ಚಿ, ಹೊರಗಿನವರಿಲ್ಲದೆ ನಡೆಸಬಹುದು. ಮೊದಲು ಸ್ಟೇಷನ್ನಿಗೇ ಹೋಗಬೇಕೆಂದೂ ಇಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ತೀರಾ ಅವಸರಕ್ಕೆ 181 ಸಹಾಯವಾಣಿ ಇದೆ. ಇದನ್ನೆಲ್ಲ ಅವಳಿಗೆ ಎರಡು ಮೂರು ಸಲ ಹೇಳಿದೆವು. ಹನ್ನೆರಡು ದಿನ ಯೋಚಿಸಿ ಬಂದಳು. ಕಚೇರಿಯ ಮೆಟ್ಟಿಲಲ್ಲಿ ನಿಂತು ಕೇಳಿದ ಮೊದಲ ಮಾತು, “ಇಲ್ಲಿ ಯಾರೂ ವಿಡಿಯೋ ತೆಗ್ಯಲ್ವಲ್ಲಾ?” ವರದಿ ಬರೆಸಿದ್ದಾಳೆ. ಪೊಲೀಸ್ ದೂರಿನ ಬಗ್ಗೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ. ಅದು ಅವಳ ತೀರ್ಮಾನ, ನಾವು ಅವಸರ ಮಾಡುತ್ತಿಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದೆವು. ಪಕ್ಕದ ತಾಲ್ಲೂಕಿನ ಆ ಸತ್ತ ಹೆಂಗಸಿನ ಕಾರ್ಯಕ್ರಮದ ಬಗ್ಗೆ ಹದಿನಾಲ್ಕು ಸದಸ್ಯೆಯರು ಸಹಿ ಹಾಕಿ ಆ ವಾಹಿನಿಗೆ ದೂರು ಕಳಿಸಿದೆವು. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ವಾಹಿನಿಯವರು ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ತಿಳಿಸದಿದ್ದರೆ, ಇಲ್ಲ ಅವರ ಉತ್ತರ ಸರಿಹೋಗದಿದ್ದರೆ, ವಾಹಿನಿಗಳು ಸೇರಿ ಮಾಡಿಕೊಂಡಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮತ್ತೆ 15 ದಿನದೊಳಗೆ ಮೇಲ್ಮನವಿ. ದೂರಿನಲ್ಲಿ ದೊಡ್ಡ ಮಾತು ಬೇಕಿಲ್ಲ. ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ ಬರೆದು, ಯಾವ ಮಾತು, ಯಾವ ಚಿತ್ರ ಸತ್ತವಳ ಮಾನಕ್ಕೆ ಕುಂದು ತಂದಿತು ಎಂದು ಒಂದೊಂದಾಗಿ ಹೇಳಿದರೆ ಸಾಕು. ನಾವು ಮೊದಲು ಬರೆದದ್ದು ಕೆಂಪು ಬಾಣದ ಬಗ್ಗೆ, ಆಮೇಲೆ ಅಣ್ಣನ ಫೋನಿನ ಬಗ್ಗೆ.

ಸ್ವೀಕೃತಿ ಮೂರನೇ ದಿನ ಬಂತು, ಉತ್ತರ ಬಂದಿಲ್ಲ. ಹದಿನೈದನೇ ದಿನ ಬರುವ ಮಂಗಳವಾರಕ್ಕೆ ಆಗುತ್ತದೆ. ಮೇಲ್ಮನವಿಯ ಕರಡು ಬರೆದಿಟ್ಟಿದ್ದೇವೆ. ನಮ್ಮ ದೂರಿನ ಪ್ರತಿ ಬೇಕಾದ ಸಂಘದವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿದರೆ ಕಳಿಸಿಕೊಡುತ್ತೇನೆ.